ಹದಿನೆಂಟು ಡಿಗ್ರಿ

ಹಳೆಯ ಫ್ರಿಜ್ಜಿನೊಳಗಿಟ್ಟ ಡ್ರಮ್ಮಿನಲ್ಲಿ ಅವನೇ ಮನೆಯಲ್ಲಿ ಮಾಡಿದ ಬಿಯರ್ ಹುದುಗೇಳುತ್ತಿತ್ತು. ಅವನು ಗಂಟೆಗೊಮ್ಮೆ ಎದ್ದು ಹೋಗಿ ಡ್ರಮ್ಮಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಬಿಸಿ ಎನಿಸಿದರೆ ಫ್ರಿಜ್ ಹಾಕುತ್ತಿದ್ದ, ತಣ್ಣಗಾದರೆ ಆರಿಸುತ್ತಿದ್ದ.

“ನನಗೆ ಜ್ವರ ಬಂದಾಗ ಒಂದ್ಸಲನಾದ್ರೂ ಹಣೆ ಮುಟ್ಟಿದ್ರಾ?” ಎಂದಳು ಹೆಂಡತಿ.

“ನಿನಗೆ ಮಾತ್ರೆ ಇತ್ತು. ಇದಕ್ಕೆ ನಾನೊಬ್ಬನೇ ಕಣೇ.”

ಮರುದಿನ ಅವಳೇ ಟೆಂಪರೇಚರ್ ಕಂಟ್ರೋಲರ್ ಕೊಳ್ಳಲು ಹೋದಳು. ಅಂಗಡಿಯವನು ಎರಡನ್ನು ಮುಂದಿಟ್ಟ.

“ಇದಾದ್ರೆ ಆಗಾಗ ನೋಡ್ತಿರ್ಬೇಕು ಮೇಡಂ. ಅದು ತಾನೇ ಆನ್ ಆಗುತ್ತೆ, ತಾನೇ ಆಫ್ ಆಗುತ್ತೆ.”

“ಅದೇ ಕೊಡಿ. ಯಾರೂ ಕೈ ಇಡೋ ಹಾಗಿರಬಾರ್ದು.”

ಅವನು ಅದನ್ನು ಫ್ರಿಜ್ಜಿಗೆ ಜೋಡಿಸಿದ. ಬಿಯರಿಗೆ ಬೇಕಾದ ಹದಿನೆಂಟು ಡಿಗ್ರಿ ಎರಡು ದಿನ ಕದಲಲಿಲ್ಲ. ಮೂರನೆಯ ದಿನ ಅವನು ತನ್ನ ಬಟ್ಟೆಯನ್ನೆಲ್ಲ ತುಂಬಿದ ಸೂಟ್‌ಕೇಸನ್ನು ಬಾಗಿಲ ಬಳಿ ತಂದಿಟ್ಟ.

“ಒಳ್ಳೇದು ಮಾಡ್ದೆ ಕಣೇ,” ಎಂದ ಫ್ರಿಜ್ಜಿನ ಕಡೆ ಕೈ ತೋರಿಸಿ. “ಇದೊಂದನ್ನ ಬಿಟ್ಟು ಹೋಗೋಕೇ ಮನಸ್ಸು ಬರ್ತಿರ್ಲಿಲ್ಲ.”