ತೊರಕೆ ಮಲಗುವ ಹೊತ್ತು

ಹೊಳೆಯ ನೀರನ್ನು ಊರು ಕುಡಿಯಬೇಕಾದರೆ, ಬೆಳಿಗ್ಗೆ ಮೊದಲು ಹೊಳೆಯ ತೊರಕೆ ಎಂಬ ಚಪ್ಪಟೆ ಮೀನಿನ ರಕ್ತ ಪರೀಕ್ಷೆಯಲ್ಲಿ ಸರಿಯಿರಬೇಕು. ಗಾಜಿನ ನಳಿಗೆಯಲ್ಲಿ ರಕ್ತದ ಕೆಂಪು ಮೇಲಿನ ಗೆರೆಯನ್ನು ಮುಟ್ಟಿದರೆ ಕೊಡ ತುಂಬಬಹುದು. ಎರಡು ಸಲ ತಪ್ಪಿದರೆ ತಿಂಗಳು ಪೂರ್ತಿ ಹೊಳೆಗೆ ಬೀಗ.

ಇವತ್ತು ಒಂದು ಸಲ ತಪ್ಪಿತ್ತು. ಮುಕಾಂಬು ಮತ್ತೆ ಸೂಜಿ ಹಿಡಿದಳು.

"ಬೇಗ ಚುಚ್ಚೇ ಹೆಣ್ಣೇ, ಅನ್ನಕ್ಕೆ ನೀರ್ ಇಡ್ಕ್," ಎಂದಳು ಮೆಟ್ಟಿಲ ಮೇಲೆ ಕೊಡ ಹಿಡಿದು ಕಾಯುತ್ತಿದ್ದ ಬೇಬಿ ಚಿಕ್ಕಮ್ಮ.

ಮುಕಾಂಬುವಿನ ಕೈ ತಡೆಯಿತು. ಮೊದಲ ಸಲ ಬಲೆಯಿಂದ ಎತ್ತಿದ ಕೂಡಲೇ, ಮೀನು ಏದುಸಿರು ಬಿಡುತ್ತಿರುವಾಗಲೇ ಚುಚ್ಚಿಬಿಟ್ಟಿದ್ದಳು. ಮುಂಚೆ ಈ ಕೆಲಸ ಮಾಡುತ್ತಿದ್ದ, ಈಗ ತೀರಿಹೋದ ಅಮ್ಮ ಎಂದೂ ಹಾಗೆ ಮಾಡಿದವಳಲ್ಲ. ಬಾಲದ ಮುಳ್ಳಿಗೆ ಒದ್ದೆ ಬಟ್ಟೆ ಸುತ್ತಿ, ಮೀನನ್ನು ನೀರಿನಲ್ಲೇ ಅಂಗಾತ ಮಲಗಿಸಿ, ತೊಟ್ಟಿಲ ಹಾಡು ಗುನುಗುತ್ತಿದ್ದಳು. "ಓಡಿ ಬಂದವ್ರ ಹತ್ರ ಹುಷಾರಿದ್ಯಾ ಅಂದ್ ಕೇಂಬುದಲ್ಲ ಮಗಾ. ಮೊದ್ಲ್ ಕೂರ್ಸ್ಕ್," ಎನ್ನುತ್ತಿದ್ದಳು.

ಮುಕಾಂಬು ಸೊಂಟದವರೆಗೆ ನೀರಿಗಿಳಿದು ತೊರಕೆಯನ್ನು ಅಮ್ಮನಂತೆಯೇ ಬಾಲಕ್ಕೆ ಬಟ್ಟೆ ಸುತ್ತಿ ಅಂಗೈ ಮೇಲೆ ಅಂಗಾತ ಮಲಗಿಸಿದಳು. ಹಾಡಿನ ಎರಡನೆಯ ಸಾಲು ಮರೆತಿತ್ತು. ಮೊದಲನೆಯದನ್ನೇ ಮತ್ತೆ ಮತ್ತೆ ಗುನುಗಿದಳು.

"ಮೀನಿಗೂ ಬಾಳಂತನ ಮಾಡ್ತಿಯಾ?" ಎಂದು ನಕ್ಕ ಚಿಕ್ಕಮ್ಮ, ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ದನಿಯಲ್ಲೇ ಎರಡನೆಯ ಸಾಲು ಎತ್ತಿಕೊಟ್ಟಳು.

ಮೀನಿನ ಏದುಸಿರು ಇಳಿಯಿತು. ಮುಕಾಂಬು ಆಮೇಲೆಯೇ ಚುಚ್ಚಿದಳು. ಕೆಂಪು ಮೆಲ್ಲಗೆ ಗೆರೆ ಮುಟ್ಟಿತು.

ಕೊಡಗಳು ಮುಳುಗುವ ಸದ್ದಿನ ನಡುವೆ ಚಿಕ್ಕಮ್ಮ ಮೂರನೆಯ ಸಾಲನ್ನೂ ಹಾಡುತ್ತಿದ್ದಳು.