ಮುದ್ರೆ ಬಿದ್ದ ಕಾಗದ

ಮೇ ತಿಂಗಳು ಮುಗಿಯುತ್ತಾ ಬಂದರೂ ಹಿಮ ಬೀಳುತ್ತಲೇ ಇತ್ತು. ಬೀಳದೆ ಇನ್ನೇನು? ವಸಂತದ ಚಿತ್ರವನ್ನು ಇನ್ನೂ ಯಾರೂ ಬರೆದಿರಲಿಲ್ಲ.

ಚಿತ್ರಕಾರ ಗೆನ್‌ಜಿರೊ ಚಿತ್ರ ಬರೆದು ಮೂಲೆಗೆ ತಮ್ಮ ಕೆಂಪು ಮುದ್ರೆ ಒತ್ತಿದರೆ ಆ ಕಣಿವೆಯಲ್ಲಿ ಋತು ಬದಲಾಗುತ್ತಿತ್ತು. ಐವತ್ತು ವರ್ಷ ಹಾಗೇ ನಡೆಯಿತು. ಈ ಚಳಿಗಾಲ ಅವರು ತೀರಿಕೊಂಡರು. ಪದ್ಧತಿಯಂತೆ ಮುದ್ರೆಯನ್ನೂ ಅವರ ಜೊತೆಗೇ ಹೂಳಿದರು. ಅದು ಗೊತ್ತಿದ್ದೇ ಅವರು ಖಾಲಿ ಕಾಗದವೊಂದಕ್ಕೆ ಮೊದಲೇ ಮುದ್ರೆ ಒತ್ತಿ ಮಗಳು ಫುಮಿಗೆ ಬಿಟ್ಟುಹೋಗಿದ್ದರು. ಇದ್ದದ್ದು ಅದೊಂದೇ ಕಾಗದ.

ಮೂರು ತಿಂಗಳು ಫುಮಿ ಅದನ್ನು ಮುಟ್ಟಲು ಹೆದರಿದ್ದಳು. ಇವತ್ತು ಮಸಿ ಅರೆದು, ಕುಂಚ ಅದ್ದಿದಳು. "ಎತ್ತುವ ಮುಂಚೆ ಬಟ್ಟಲಿನ ಅಂಚಿಗೆ ಒರೆಸು" ಎಂದು ಅಪ್ಪ ದಿನಾ ಹೇಳುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ತೋಮೆ ಅಜ್ಜಿ ಬಾಗಿಲು ಸರಿಸಿ ಒಳಬಂದಳು.

"ಇವತ್ತಾದ್ರೂ ಆಗತ್ತೇನಮ್ಮ? ಮೊಮ್ಮಗಳ ಕೆಮ್ಮು ನಿಲ್ತಾನೇ ಇಲ್ಲ. ಒಲೆಗೆ ಹಾಕೋಕೆ ಮನೆಯ ಬಾಗಿಲುಗಳಷ್ಟೇ ಉಳಿದಿವೆ."

"ಕೂತ್ಕೊಳ್ಳಿ ಅಜ್ಜಿ. ಈಗ್ಲೇ ಮೊದಲನೇ ಹೂವು ಬರೀತೀನಿ" ಎಂದು ಫುಮಿ ಅವಳ ಮುಖ ನೋಡುತ್ತಲೇ ಕುಂಚ ಎತ್ತಿದಳು.

ಒರೆಸಿರಲಿಲ್ಲ.

ಕಾಗದದಲ್ಲಿ ಆಕಾಶಕ್ಕೆಂದು ಬಿಟ್ಟಿದ್ದ ಜಾಗಕ್ಕೆ ದಪ್ಪ ಹನಿಯೊಂದು ತೊಟ್ಟಿಕ್ಕಿತು.

ಅಜ್ಜಿ ಕಿಟಕಿಯತ್ತ ತಿರುಗಿದಳು. "ಅದೇನಮ್ಮ ಅದು, ಸೂರ್ಯನ ಪಕ್ಕದಲ್ಲಿ ಕರ್ರಗೆ?"

ಫುಮಿ ಕಿಟಕಿಯ ಕಡೆ ನೋಡಲಿಲ್ಲ. ಅವಳ ಕಣ್ಣೆದುರು ಮಸಿ ಕಾಗದದ ಎಳೆ ಎಳೆಗೂ ಇಳಿದು, ನಿಧಾನವಾಗಿ, ಸುತ್ತಲೂ ಹರಡುತ್ತಲೇ ಇತ್ತು.