ಹೊಸ ನಮೂನೆಯ ಕಂಡಿಕೆ

ಕರೆಂಟಿನ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. ಗೌರೀಶ ಪ್ಲಾಸ್ಟಿಕ್ ಕಡ್ಡಿಗೆ ಕಂಡಿಕೆಯ ಹಾಗೆ ನೂಲು ಸುತ್ತಿ, ಇನ್ನೇನು ಡ್ರಿಲ್ ಹಚ್ಚಬೇಕು, ಅಷ್ಟರಲ್ಲಿ ಹೆಂಡತಿ ದಾನೇಶ್ವರಿ ಮಗ್ಗದ ಕೋಣೆಗೆ ಬಂದಳು.

“ಅದೆಲ್ಲಿ ಸಿಕ್ತ್ರಿ ನಿಮಗ?”

“ಜ್ವಾಳದ ಡಬ್ಬಿ ಹಿಂದ. ನಾಕು ಅದಾವು, ಒಂದಕ್ಕಿಂತ ಒಂದು ದೊಡ್ಡವು. ಹೊಸ ನಮೂನಿ ಕಂಡಕಿ. ನುಣ್ಣಗ ಐತಿ, ನೂಲು ಹರಿಯೂದಿಲ್ಲ. ಒಂದ ತೂತ ಹಾಕಿದರ ಲಾಳ್ಯಾಗ ಕೂಡತೈತಿ.”

ದಾನೇಶ್ವರಿ ಮೊದಲು ಡ್ರಿಲ್ಲಿನ ಪ್ಲಗ್ ಕಿತ್ತಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಸದ್ದಿನಲ್ಲಿ ಕೇಳದೆ ಅವನು ಮಗ್ಗ ನಿಲ್ಲಿಸಿದ. ಎರಡು ತಿಂಗಳಿಂದ ಬಾಯಿಗೆ ಬಾರದ ಮಾತನ್ನು ಅವಳು ಇನ್ನೊಮ್ಮೆ ಹೇಳಬೇಕಾಯಿತು. ಗರ್ಭಚೀಲದ ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟ ಮೇಲೆ ಹೆಣ್ಣಿನ ದಾರಿ ಒಳಗೊಳಗೇ ಅಂಟಿಕೊಳ್ಳುತ್ತದಂತೆ. ಮುಚ್ಚಿಹೋಗದಿರಲು ಆಸ್ಪತ್ರೆಯವರು ಕೊಟ್ಟ ಈ ಕಡ್ಡಿಗೆ ಜೆಲ್ ಹಚ್ಚಿ ಒಳಗಿಟ್ಟುಕೊಳ್ಳಬೇಕು, ಸಣ್ಣದರಿಂದ ಶುರು ಮಾಡಿ. ಗೌರೀಶನಿಗೆ ಕೈಯಲ್ಲಿದ್ದದ್ದನ್ನು ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಂಡಿರಲೂ ಆಗಲಿಲ್ಲ.

“ಮುಚ್ಚಿದರ ಏನಾಗತೈತಿ?”

“ರೋಗ ತಿರುಗಿ ಬಂದೈತೋ ಇಲ್ಲೋ ಅಂತ ಡಾಕ್ಟರಬಾಯಿಗೆ ನೋಡಾಕ ಬರೂದಿಲ್ಲ. ಮತ್ತ... ನಾವು ಗಂಡ-ಹೆಂಡತಿ ಆಗಿ ಇರಾಕೂ ಬರೂದಿಲ್ಲ.”

“ಹಂಗಾರ ಯಾಕ ಮಾಡವಲ್ಲಿ?”

“ಎಲ್ಲಿ ಮಾಡ್ಲಿ? ಒಳಗ ಅತ್ತಿ ಇರತಾರ. ಬಚ್ಚಲಕ್ಕ ಪರದೆ. ಮನ್ಯಾಗ ಚಿಲಕ ಇರೂದು ಈ ಬಾಗಲಕ್ಕ ಒಂದ. ಇಲ್ಲಿ ನಿಮ್ಮ ಮಗ್ಗ ನಿಂದರಂಗಿಲ್ಲ.”

ಅದು ಸುಳ್ಳಲ್ಲ. ಬನಹಟ್ಟಿಯಲ್ಲಿ ಹೆಂಡತಿ ಸುಮ್ಮನಾದರೆ ಯಾರೂ ಕೇಳುವುದಿಲ್ಲ, ಮಗ್ಗ ಸುಮ್ಮನಾದರೆ ಓಣಿಗೆ ಓಣಿಯೇ ಬಂದು ಕೇಳುತ್ತದೆ. ಇಷ್ಟು ದಿನ ಒಬ್ಬಳೇ ಹೆದರಿಕೊಂಡು ಕೂತಿದ್ದಳಲ್ಲ ಎಂದು ಗೌರೀಶನಿಗೆ ಸಂಕಟವಾಯಿತು. ಆದರೂ ನೇಕಾರ ನೇಕಾರನೇ. ನೂಲನ್ನು ಕತ್ತರಿಸಲಿಲ್ಲ, ಒಂದೊಂದೇ ಸುತ್ತು ಬಿಚ್ಚಿ ಬೇರೆ ಕಂಡಿಕೆಗೆ ಸುತ್ತಿದ.

“ಸಾಬೂನ ಹಚ್ಚಿ ತೊಳಕೊಂಡು ಬಾ. ಚಿಲಕ ಹಾಕ್ಕೋ. ಗಡಿಬಿಡಿ ಮಾಡಬ್ಯಾಡ.”

ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊರಗೆ ಕತ್ತಲಾಗುತ್ತಿತ್ತು. ಗೌರೀಶ ದೀಪ ಹಾಕಿ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎದುರು ಮನೆಯ ಗಿರಮಲ್ಲಪ್ಪ ಬಂದೇ ಬಿಟ್ಟ.

“ಯಾಕೋ ಗೌರೀಶ, ಮಗ್ಗ ಬಂದ್ ಆತಲ್ಲ?”

“ಕರೆಂಟ್ ಹೋಗೇತ್ರಿ ಕಾಕಾ,” ಎಂದ ಗೌರೀಶ, ಉರಿಯುತ್ತಿರುವ ಬಲ್ಬಿನ ಕೆಳಗೆ, ಬಾಗಿಲಿಗೆ ಬೆನ್ನು ಹಚ್ಚಿ ಕೂತು.